ಯಮಾಟೊ ಕಟ್ಟಿದ ಜಪಾನಿಗೆ ಲೆಕ್ಕ ಬರುತ್ತಿರಲಿಲ್ಲವೇ?

ಪ್ರಶ್ನೆ: ಎರಡನೇ ಮಹಾಯುದ್ಧಕ್ಕೆ ಮುಂಚೆ ಜಪಾನ್ ಭರ್ಜರಿಯಾಗಿ ಯುದ್ಧದ ಹಡಗು ಕಟ್ಟಿತು ಅಂತ ಓದಿದ್ದೇನೆ. ಅಮೆರಿಕ ತನಗಿಂತ ಎಷ್ಟೋ ಪಟ್ಟು ದೊಡ್ಡದು ಅಂತ ಗೊತ್ತಿದ್ದೂ ಯಾಕೆ ಈ ಪೈಪೋಟಿ? ಯಮಾಟೊದಂಥ ದೈತ್ಯ ಹಡಗುಗಳ ಬದಲು ವಿಮಾನವಾಹಕಗಳನ್ನೇ ಕಟ್ಟಿದ್ದರೆ ಕಥೆ ಬೇರೆ ಆಗುತ್ತಿತ್ತೇ?

ಉತ್ತರ: ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು. ಅಮೆರಿಕದವರು ಎಷ್ಟು ಹಡಗಿಗೆ ಹಣ ಮಂಜೂರು ಮಾಡಿದ್ದಾರೆ, ಅವು ಯಾವ ವರ್ಷ ಸಮುದ್ರಕ್ಕೆ ಇಳಿಯುತ್ತವೆ ಅನ್ನುವುದೆಲ್ಲ ಟೋಕಿಯೊದ ನೌಕಾ ಅಧಿಕಾರಿಗಳಿಗೆ ಬಾಯಿಪಾಠ ಆಗಿತ್ತು. ಆ ಲೆಕ್ಕದಲ್ಲಿ ಒಂದು ಸಾಲು ಮಾತ್ರ ಬಿಟ್ಟುಹೋಗಿತ್ತು. ನಾವು ಒಂದು ಕಟ್ಟಿದರೆ ಎದುರಿನವರು ಎಷ್ಟು ಕಟ್ಟುತ್ತಾರೆ? ಆ ಸಾಲು ಬಿಟ್ಟಿದ್ದರಿಂದ ಏನಾಯಿತು ಅಂದರೆ, ಕೊನೆಗೆ ಹಡಗುಗಳ ಪಟ್ಟಿಯೇ ಯುದ್ಧದ ಸಮಯವನ್ನು ಗೊತ್ತುಮಾಡಿತು. ಹಡಗು ಇದ್ದವು, ಹಾಗಾಗಿ ಯುದ್ಧಕ್ಕೆ ಹೋದರು ಅನ್ನುವುದು ಅರ್ಧ ಮಾತು. ಈಗ ಹೋಗದಿದ್ದರೆ ಇನ್ನು ಯಾವತ್ತೂ ಆಗುವುದಿಲ್ಲ ಅನ್ನಿಸಿ ಹೋದರು. ಇದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಶುರು ಮಾಡಬೇಕಾದದ್ದು 1922ರಿಂದ. ಮೊದಲ ಮಹಾಯುದ್ಧ ಮುಗಿದ ಮೇಲೆ ಜಪಾನ್ ಎಂಟು ಯುದ್ಧನೌಕೆ, ಎಂಟು ಬ್ಯಾಟಲ್ ಕ್ರೂಸರ್ (ಅಷ್ಟೇ ದೊಡ್ಡ ಫಿರಂಗಿ, ತೆಳು ಕವಚ, ವೇಗ ಜಾಸ್ತಿ ಇರುವ ಹಡಗು) ಕಟ್ಟುವ ಯೋಜನೆ ಹಾಕಿಕೊಂಡಿತ್ತು. 1921ರ ಹೊತ್ತಿಗೆ ದೇಶದ ಬಜೆಟ್ಟಿನ ಸುಮಾರು ಮೂರನೇ ಒಂದು ಭಾಗ ನೌಕಾಪಡೆಗೇ ಹೋಗುತ್ತಿತ್ತು. ಇದು ನಡೆಯುವ ಮಾತಲ್ಲ ಅಂತ ಮೊದಲು ಒಪ್ಪಿಕೊಂಡವರು ನೌಕಾ ಮಂತ್ರಿ ಅಡ್ಮಿರಲ್ ಕಾಟೊ ಟೊಮೊಸಾಬುರೊ ಅವರೇ. ಅವರ ವಾದ ಸರಳ. ದುಡ್ಡಿಲ್ಲದೆ ಯುದ್ಧ ಮಾಡಲಾಗದು. ಜಪಾನಿಗೆ ಅಷ್ಟು ಸಾಲ ಕೊಡಬಲ್ಲ ದೇಶ ಅಮೆರಿಕ ಒಂದೇ. ಹಾಗಿದ್ದಮೇಲೆ ಅಮೆರಿಕದ ಜೊತೆ ಯುದ್ಧ ಮಾಡುವುದಾದರೂ ಹೇಗೆ? ಇಪ್ಪತ್ತು ವರ್ಷ ಆದಮೇಲೂ ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಕಾಟೊ 1923ರಲ್ಲೇ ತೀರಿಕೊಂಡರು.

ಯುದ್ಧದ ಹಡಗುಗಳಿಗೆ ಮಿತಿ ಹಾಕಿದ 1922ರ ವಾಷಿಂಗ್ಟನ್ ಒಪ್ಪಂದದಲ್ಲಿ ಅಮೆರಿಕ ಮತ್ತು ಬ್ರಿಟನ್‌ಗೆ ತಲಾ 5,25,000 ಟನ್ ದೊಡ್ಡ ಯುದ್ಧನೌಕೆ, ಜಪಾನಿಗೆ 3,15,000 ಟನ್ ಅಂತ ಗೊತ್ತಾಯಿತು. ಅಂದರೆ ಶೇಕಡಾ 60. ಜಪಾನ್ ಕೇಳಿದ್ದು 70. ಒತ್ತಿ ಹಿಡಿದರೆ 60ಕ್ಕೆ ಇಳಿಯುತ್ತಾರೆ ಅನ್ನುವುದು ಅಮೆರಿಕನ್ನರಿಗೆ ಮೊದಲೇ ತಿಳಿದಿತ್ತು. ಟೋಕಿಯೊದಿಂದ ಬರುತ್ತಿದ್ದ ಗುಪ್ತ ತಂತಿಗಳನ್ನು ಅವರ ಸಂಕೇತ ಬಿಡಿಸುವ ವಿಭಾಗ ಓದುತ್ತಿತ್ತು! ಎದುರಿನವನ ಕೈಯಲ್ಲಿರುವ ಎಲೆ ಕಾಣುತ್ತಿದ್ದರೆ ಇಸ್ಪೀಟು ಆಡುವುದು ಸಲೀಸು, ಅಲ್ವಾ?

ಈ ಹತ್ತು ಪರ್ಸೆಂಟ್‌ಗೆ ಯಾಕಷ್ಟು ತಲೆ ಕೆಡಿಸಿಕೊಂಡರು? ದೂರದಿಂದ ಸಮುದ್ರ ದಾಟಿ ಬರುವವನಿಗೆ ಗೆಲ್ಲಲು ಒಂದೂವರೆ ಪಟ್ಟು ಬಲ ಬೇಕು ಅನ್ನುವುದು ಜಪಾನಿ ನೌಕಾಪಡೆಯ ನಂಬಿಕೆ. ನಮ್ಮ ಬಳಿ 70 ಇದ್ದರೆ ಅಮೆರಿಕದವರಿಗೆ ಅಷ್ಟು ಬಲ ಇರುವುದಿಲ್ಲ, 60ಕ್ಕೆ ಇಳಿದರೆ ಇರುತ್ತದೆ. ಹಾಗಾಗಿ 70ರ ಗೆರೆ ಅವರಿಗೆ ಬದುಕು ಸಾವಿನ ಗೆರೆ ಆಯಿತು. ಇದರ ಮೇಲೆ ಒಂದು ಇಡೀ ಯುದ್ಧತಂತ್ರ ಕಟ್ಟಿದರು. ಅಮೆರಿಕದ ಪಡೆ ಹವಾಯಿಯಿಂದ ಪಶ್ಚಿಮಕ್ಕೆ ಬರುತ್ತದೆ. ದಾರಿಯುದ್ದಕ್ಕೂ ಜಲಾಂತರ್ಗಾಮಿಗಳು, ವಿಮಾನಗಳು, ರಾತ್ರಿ ಟಾರ್ಪೆಡೊ (ನೀರಿನಡಿ ಸಾಗಿ ಸಿಡಿಯುವ ಆಯುಧ) ದಾಳಿಗಳು ಅದನ್ನು ಕೊರೆಯುತ್ತಾ ಹೋಗುತ್ತವೆ. ಜಪಾನಿನ ಹತ್ತಿರ ಬರುವಷ್ಟರಲ್ಲಿ ಎರಡೂ ಕಡೆ ಸಮ ಆಗಿರುತ್ತದೆ. ಆಮೇಲೆ ಒಂದೇ ದಿನದ ಮಹಾ ಕಾಳಗ, 1905ರಲ್ಲಿ ತ್ಸುಶಿಮಾದಲ್ಲಿ ರಷ್ಯದವರನ್ನು ಮುಳುಗಿಸಿದ ಹಾಗೆ. 1930ರ ದಶಕದಲ್ಲಿ ಕಟ್ಟಿದ ಬಹುಪಾಲು ಹಡಗುಗಳು ಈ ನಾಟಕದ ಒಂದೊಂದು ಪಾತ್ರಕ್ಕೆ ಅಂತಲೇ ಹುಟ್ಟಿದವು.

1930ರ ಲಂಡನ್ ಒಪ್ಪಂದ ಮಧ್ಯಮ ಗಾತ್ರದ ಕ್ರೂಸರ್, ಅದಕ್ಕಿಂತ ಚಿಕ್ಕ ಡಿಸ್ಟ್ರಾಯರ್, ಜಲಾಂತರ್ಗಾಮಿಗಳಿಗೂ ಮಿತಿ ಹಾಕಿತು. ಒಟ್ಟು ಲೆಕ್ಕದಲ್ಲಿ ಜಪಾನಿಗೆ ಹೆಚ್ಚುಕಡಿಮೆ 70 ಸಿಕ್ಕಿತು. ಆದರೂ ದೊಡ್ಡ ಕ್ರೂಸರ್‌ಗಳಲ್ಲಿ 60ರ ಹತ್ತಿರವೇ ನಿಂತಿತು ಅಂತ ಗಲಾಟೆ ಎದ್ದಿತು. ಒಪ್ಪಂದ ಮಾಡಿಸಿದ ಪ್ರಧಾನಿ ಹಮಾಗುಚಿ ಅವರಿಗೆ ಅದೇ ನವೆಂಬರ್‌ನಲ್ಲಿ ಟೋಕಿಯೊ ರೈಲು ನಿಲ್ದಾಣದಲ್ಲಿ ಗುಂಡು ಬಿತ್ತು. ಮುಂದಿನ ವರ್ಷ ಸತ್ತರು. ಇದಾದ ಮೇಲೆ ಮಿತಿಯ ಪರವಾಗಿ ಬಾಯಿ ಬಿಡುವ ರಾಜಕಾರಣಿಗಳು ಕಡಿಮೆಯಾದರು. ನೌಕಾಪಡೆಯೊಳಗೂ ಒಪ್ಪಂದದ ಪರ ಇದ್ದ ಅಧಿಕಾರಿಗಳನ್ನು ಒಬ್ಬೊಬ್ಬರನ್ನಾಗಿ ನಿವೃತ್ತಿ ಮಾಡಿಸಿದರು.

1931ರಿಂದ ದೊಡ್ಡ ಕಟ್ಟೋಣ ಶುರುವಾಯಿತು. ವೃತ್ತದೊಳಗೆ ಅಂಕಿ ಬರೆದು ಒಂದನೇ ಯೋಜನೆ, ಎರಡನೇ ಯೋಜನೆ ಅಂತ ಕರೆದರು. 1931ರಲ್ಲಿ ಮೊದಲನೆಯದು, 1934ರಲ್ಲಿ ಎರಡನೆಯದು. ಒಪ್ಪಂದ ಇನ್ನೂ ಜಾರಿಯಲ್ಲಿದ್ದ ಕಾಲ ಅದು. ಸಂಖ್ಯೆಯಲ್ಲಿ ಮಿತಿ ಇದ್ದರೆ ಒಂದೊಂದು ಹಡಗಿನಲ್ಲೂ ಜಾಸ್ತಿ ತುಂಬೋಣ ಅಂದರು. ಎಲ್ಲಾ ದೇಶಗಳೂ ಈ ಆಟ ಆಡಿದವು. ಜಪಾನಿನಷ್ಟು ದೂರ ಹೋದವರು ಕಡಿಮೆ.

ಒಂದು ಉದಾಹರಣೆ ನೋಡಿ. 600 ಟನ್‌ಗಿಂತ ಚಿಕ್ಕ ಹಡಗುಗಳಿಗೆ ಲಂಡನ್ ಒಪ್ಪಂದದಲ್ಲಿ ಲೆಕ್ಕವೇ ಇರಲಿಲ್ಲ. ಸರಿ, 535 ಟನ್ನಿನ ಟಾರ್ಪೆಡೊ ದೋಣಿಗಳನ್ನು ವಿನ್ಯಾಸ ಮಾಡಿದರು. ಅವುಗಳ ಮೇಲೆ ಡಿಸ್ಟ್ರಾಯರ್‌ಗೆ ಹಾಕುವಂಥ ಫಿರಂಗಿ, ಟಾರ್ಪೆಡೊ ಕೊಳವೆ ಎಲ್ಲಾ ಹೇರಿದರು. ತಲೆ ಭಾರ, ಬುಡ ಹಗುರ. ಅಂಥ ದೋಣಿಗಳಲ್ಲಿ ಟೊಮೊಜುರು ಅನ್ನುವುದೊಂದು. ಸೇವೆಗೆ ಸೇರಿ ಮೂರು ವಾರವೂ ಆಗಿರಲಿಲ್ಲ. 1934ರ ಮಾರ್ಚ್ 12ರಂದು ಸಾಸೆಬೊ ಹತ್ತಿರ ಬಿರುಗಾಳಿಯಲ್ಲಿ ಮಗುಚಿಕೊಂಡಿತು. ನೂರರಷ್ಟು ನಾವಿಕರು ಸತ್ತರು. ಹಡಗು ಮುಳುಗಲಿಲ್ಲ, ತಲೆಕೆಳಗಾಗಿ ತೇಲುತ್ತಿತ್ತು. ಅದನ್ನು ಹಾಗೆಯೇ ಎಳೆದು ತಂದರು.

ತನಿಖೆ ನಡೆಯಿತು. ಮುಖ್ಯ ವಿನ್ಯಾಸಕ ಫುಜಿಮೊಟೊ ಕಿಕುವೊ ತಲೆದಂಡ ಕೊಟ್ಟರು. ಮರುವರ್ಷದ ಜನವರಿಯಲ್ಲೇ ತೀರಿಕೊಂಡರು. ಅವರ ಮೇಲೆ ನನಗೆ ಸ್ವಲ್ಪ ಕನಿಕರವೇ ಇದೆ. ಇಷ್ಟೇ ಟನ್ನಿನಲ್ಲಿ ಇಷ್ಟೆಲ್ಲ ಆಯುಧ ಬೇಕು ಅಂತ ಪಟ್ಟು ಹಿಡಿದವರು ನೌಕಾಪಡೆಯ ಯುದ್ಧಯೋಜನೆ ಮಾಡುವ ಮುಖ್ಯ ಕಚೇರಿಯವರು. ಅವರಿಗೆ ಏನೂ ಆಗಲಿಲ್ಲ.

ಪಾಠ ಪೂರ್ತಿ ಕಲಿಯುವ ಮುಂಚೆಯೇ ಇನ್ನೊಂದು ಏಟು ಬಿತ್ತು. 1935ರ ಸೆಪ್ಟೆಂಬರ್ 26ರಂದು ನಾಲ್ಕನೇ ನೌಕಾದಳ ಸಮರಾಭ್ಯಾಸಕ್ಕೆ ಹೋಗಿ ಪೆಸಿಫಿಕ್ ಚಂಡಮಾರುತದೊಳಗೆ ಸಿಕ್ಕಿಹಾಕಿಕೊಂಡಿತು. ಹತ್ಸುಯುಕಿ, ಯುಗಿರಿ ಅನ್ನುವ ಎರಡು ಡಿಸ್ಟ್ರಾಯರ್‌ಗಳ ಮೂತಿಯೇ ಮುರಿದು ಹೋಯಿತು. ಹೊಚ್ಚಹೊಸ ಕ್ರೂಸರ್ ಮೊಗಾಮಿಯ ಬೆಸುಗೆಗಳು ಬಿರುಕು ಬಿಟ್ಟವು. ತೂಕ ಉಳಿಸಲೆಂದು ರಿವೆಟ್ ಬದಲು ವಿದ್ಯುತ್ ವೆಲ್ಡಿಂಗ್ ಮಾಡಿದ್ದರು. ಆ ಕಾಲಕ್ಕೆ ಅದಿನ್ನೂ ಪಳಗಿದ ವಿದ್ಯೆ ಆಗಿರಲಿಲ್ಲ. ಆಮೇಲೆ ಹಡಗುಗಳನ್ನೆಲ್ಲ ಒಂದೊಂದಾಗಿ ಯಾರ್ಡಿಗೆ ವಾಪಸ್ ತಂದು, ಫಿರಂಗಿ ಇಳಿಸಿ, ತಳಕ್ಕೆ ಭಾರ ಹಾಕಿ, ಹೊರಮೈ ಬಿಗಿ ಮಾಡಿದರು. ದುಡ್ಡಿನ ಜೊತೆ ಯಾರ್ಡಿನ ಜಾಗ, ಕೆಲಸಗಾರರ ಸಮಯ ಎಲ್ಲಾ ಹೋಯಿತು. ಯುದ್ಧ ಶುರುವಾದಾಗ ಜಪಾನಿನ ಹಡಗುಗಳು ಗಟ್ಟಿಮುಟ್ಟಾಗಿ ಇದ್ದವು ಅಂದರೆ ಈ ಎರಡು ದುರಂತಗಳೇ ಕಾರಣ.

ಮೊಗಾಮಿ ಬಗ್ಗೆ ಇನ್ನೊಂದು ಮಾತು. ಹೊರಗೆ ಹೇಳಿದ್ದು 8,500 ಟನ್ನಿನ ಹಗುರ ಕ್ರೂಸರ್, 155 ಮಿ.ಮೀ.ನ ಹದಿನೈದು ಫಿರಂಗಿ ಅಂತ. ನಿಜವಾದ ತೂಕ ಅದಕ್ಕಿಂತ ಎಷ್ಟೋ ಜಾಸ್ತಿ. ಒಪ್ಪಂದ ಮುಗಿದ ತಕ್ಷಣ ಆ ಫಿರಂಗಿ ಕಿತ್ತು 203 ಮಿ.ಮೀ.ನವನ್ನು ಕೂರಿಸಲು ಬೇಕಾದ ಜಾಗ ಮೊದಲೇ ಬಿಟ್ಟಿದ್ದರು. 1939ರ ಹೊತ್ತಿಗೆ ಹಾಗೆಯೇ ಮಾಡಿದರು. ಕಿತ್ತ ಫಿರಂಗಿಗಳಲ್ಲಿ ಕೆಲವು ಯಮಾಟೊ ಮೇಲೆ ಹೋಗಿ ಕುಳಿತವು.

ಇದಕ್ಕಿಂತ ಜಾಣತನದ ಕೆಲಸ ಇನ್ನೊಂದಿದೆ. ವಿಮಾನವಾಹಕಗಳಿಗೆ ಮಿತಿ ಇತ್ತಲ್ಲ, ಜಲಾಂತರ್ಗಾಮಿಗಳಿಗೆ ಸಾಮಾನು ಒದಗಿಸುವ ಹಡಗು ಅಂತ ಹೇಳಿ ಕೆಲವನ್ನು ಕಟ್ಟಿದರು. ಯುದ್ಧ ಬಂದರೆ ಕೆಲವೇ ತಿಂಗಳಲ್ಲಿ ಮೇಲಿನದ್ದನ್ನು ತೆಗೆದು ಹಾರುವ ಅಟ್ಟ ಹಾಕುವಂತೆ ನಕ್ಷೆ ಇತ್ತು. ಜುಯಿಹೊ, ಶೋಹೊ ಹೀಗೆ ಹುಟ್ಟಿದವು. ನೀರಿನ ಮೇಲೆ ಇಳಿಯುವ ವಿಮಾನಗಳ ಹಡಗುಗಳಾಗಿ ಕಟ್ಟಿದ ಚಿಟೋಸೆ, ಚಿಯೊಡಾ ಕೂಡ ಮುಂದೆ ವಿಮಾನವಾಹಕಗಳಾದವು. ಖಾಸಗಿ ಕಂಪನಿಯ ಎರಡು ದೊಡ್ಡ ಪ್ರಯಾಣಿಕ ಹಡಗುಗಳಿಗೆ ಖರ್ಚಿನ 60 ಪರ್ಸೆಂಟ್ ಸರ್ಕಾರವೇ ಕೊಟ್ಟಿತು. ಷರತ್ತು ಏನೆಂದರೆ, ಕೇಳಿದಾಗ ಕೊಡಬೇಕು. ಅವು ಒಬ್ಬ ಪ್ರಯಾಣಿಕರನ್ನೂ ಹತ್ತಿಸಿಕೊಳ್ಳದೆ ಜುನ್ಯೊ, ಹಿಯೊ ಅನ್ನುವ ವಿಮಾನವಾಹಕಗಳಾದವು. ಈ ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಎರಡನೇ ಪ್ರಶ್ನೆಗೆ ಬೇಕಾಗುತ್ತವೆ.

ಈಗ ಯಮಾಟೊ. 1934ರ ಅಕ್ಟೋಬರ್‌ನಲ್ಲೇ, ಅಂದರೆ ವಾಷಿಂಗ್ಟನ್ ಒಪ್ಪಂದ ಬಿಡುತ್ತೇವೆ ಅಂತ ನೋಟಿಸ್ ಕೊಡುವ ಮುಂಚೆಯೇ, 46 ಸೆಂ.ಮೀ. ಫಿರಂಗಿಯ ಹಡಗಿನ ನಕ್ಷೆ ತಯಾರಿಸಲು ಆದೇಶ ಹೋಗಿತ್ತು. ನೋಟಿಸ್ ಕೊಟ್ಟಿದ್ದು ಡಿಸೆಂಬರ್ 29ಕ್ಕೆ. 1936ರ ಕೊನೆಗೆ ಒಪ್ಪಂದ ಮುಗಿಯಿತು. 1937ರ ಮೂರನೇ ಯೋಜನೆಯಲ್ಲಿ ಯಮಾಟೊ, ಮುಸಾಶಿ ಸೇರಿದವು.

ಇಷ್ಟು ದೊಡ್ಡದು ಯಾಕೆ? ಸುಮ್ನೆ ಹುಚ್ಚಿಗೆ ಕಟ್ಟಿದರು ಅಂತ ತುಂಬಾ ಜನ ಬರೆಯುತ್ತಾರೆ. ಅದು ಸರಿಯಲ್ಲ. ಅಮೆರಿಕದ ಹಡಗುಗಳು ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಬರಬೇಕಾದರೆ ಪನಾಮಾ ಕಾಲುವೆ ದಾಟಬೇಕು. ಅದರ ಲಾಕ್‌ಗಳ ಅಗಲ ಸುಮಾರು 33.5 ಮೀಟರ್. ಅದಕ್ಕಿಂತ ಅಗಲದ ಹಡಗನ್ನು ಅಮೆರಿಕ ಕಟ್ಟುವುದಿಲ್ಲ, ಆ ಅಗಲದೊಳಗೆ 46 ಸೆಂ.ಮೀ. ಫಿರಂಗಿಯ ಹಡಗು ಕಟ್ಟಲೂ ಆಗುವುದಿಲ್ಲ ಅನ್ನುವುದು ಲೆಕ್ಕ. ಯಮಾಟೊ ಅಗಲ ಸುಮಾರು 39 ಮೀಟರ್. ಸಂಖ್ಯೆಯಲ್ಲಿ ಗೆಲ್ಲಲಾಗದವರು ಗಾತ್ರದಲ್ಲಿ ಗೆಲ್ಲೋಣ ಅಂದರು. ಪೂರ್ತಿ ತುಂಬಿದಾಗ ಸುಮಾರು 72,000 ಟನ್, ಒಂಬತ್ತು ಫಿರಂಗಿ, ಒಂದೊಂದು ಗುಂಡು ಹೆಚ್ಚುಕಡಿಮೆ ಒಂದೂವರೆ ಟನ್, 40 ಕಿ.ಮೀ.ಗಿಂತ ದೂರ ಹೋಗುವಂಥದ್ದು.

ಇದನ್ನು ಮುಚ್ಚಿಟ್ಟ ಬಗೆ ಹಡಗಿಗಿಂತ ಸ್ವಾರಸ್ಯ. ಸಂಸತ್ತಿಗೆ ಕೊಟ್ಟ ಬಜೆಟ್ಟಿನಲ್ಲಿ ಇವು 35,000 ಟನ್ನಿನ ಹಡಗುಗಳು. ಹಾಗಾದರೆ ಉಳಿದ ಖರ್ಚು ಎಲ್ಲಿ ತೋರಿಸುವುದು? ಮೂರು ಡಿಸ್ಟ್ರಾಯರ್, ಒಂದು ಜಲಾಂತರ್ಗಾಮಿ ಅಂತ ಪಟ್ಟಿಗೆ ಸೇರಿಸಿದರು. ಅವು ಕಾಗದದ ಮೇಲಷ್ಟೇ ಇದ್ದವು. ಹಾಗಾಗಿ ಹಳೆಯ ಪಟ್ಟಿ ನೋಡಿ ಜಪಾನಿನ ಡಿಸ್ಟ್ರಾಯರ್‌ಗಳನ್ನು ಎಣಿಸುವವರಿಗೆ ಇವತ್ತಿಗೂ ಲೆಕ್ಕ ತಪ್ಪುತ್ತದೆ.

ಯಮಾಟೊ ಕಟ್ಟಿದ್ದು ಕುರೆಯ ನೌಕಾ ಯಾರ್ಡಿನ ಡ್ರೈ ಡಾಕ್‌ನಲ್ಲಿ. ಅದನ್ನು ಆಳ ಮಾಡಿ, ಮೇಲೆ ಮರೆಗೆ ಛಾವಣಿ ಹಾಕಿದರು. ಮುಸಾಶಿಯ ಕಷ್ಟ ಬೇರೆ. ಅದು ನಾಗಾಸಾಕಿಯ ಮಿತ್ಸುಬಿಷಿ ಯಾರ್ಡಿನ ಇಳಿಜಾರು ಕಟ್ಟೆಯ ಮೇಲೆ ಬೆಳೆಯಬೇಕಿತ್ತು. ಸುತ್ತ ಗುಡ್ಡ, ಗುಡ್ಡದ ತುಂಬಾ ಮನೆ, ನೀರಿನ ಆಚೆ ದಡದಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಕಾನ್ಸುಲೇಟ್‌ಗಳು! ಕಾನ್ಸುಲೇಟಿಗೆ ಕಾಣದಂತೆ ಅಡ್ಡಲಾಗಿ ಗೋದಾಮು ಕಟ್ಟಿದರು. ಹಡಗಿನ ಸುತ್ತ ಒಂದು ಬಗೆಯ ತಾಳೆ ನಾರಿನ ಹಗ್ಗ ಹೆಣೆದು ದೊಡ್ಡ ಪರದೆ ಇಳಿಬಿಟ್ಟರು. ಅಷ್ಟು ನಾರು ಒಂದೇ ಸಲ ಮಾರುಕಟ್ಟೆಯಿಂದ ಮಾಯವಾಗಿ ಬೆಲೆ ಏರಿತು. ಮೀನುಗಾರರು ಬಲೆ, ಹಗ್ಗಕ್ಕೆ ಪರದಾಡಿದರು. 1940ರ ನವೆಂಬರ್ 1ರಂದು ನೀರಿಗಿಳಿಸುವಾಗ ಊರಿನವರು ಹೊರಗೆ ಬಾರದಿರಲಿ ಅಂತ ವಾಯುದಾಳಿಯ ಅಣಕು ಕಾರ್ಯಾಚರಣೆ ಇಟ್ಟುಕೊಂಡರು. ಹಡಗು ಜಾರಿ ಬಿದ್ದ ರಭಸಕ್ಕೆ ಒಂದು ಮೀಟರ್‌ಗಿಂತ ಎತ್ತರದ ಅಲೆ ಎದ್ದು ಆಚೆ ದಡದ ಮನೆಗಳಿಗೆ ನುಗ್ಗಿತು.

ಗುಟ್ಟು ಉಳಿಯಿತು. 46 ಸೆಂ.ಮೀ. ಫಿರಂಗಿ ಅನ್ನುವುದು ಅಮೆರಿಕಕ್ಕೆ ಬಹಳ ಕಾಲ ಗೊತ್ತಾಗಲಿಲ್ಲ. ಆದರೆ ಈ ಮುಚ್ಚಿಡುವಿಕೆಯೇ ತಿರುಗಿ ಬಡಿಯಿತು. 1938ರ ಫೆಬ್ರವರಿಯಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಮೂವರೂ ಕೇಳಿದರು: ನೀವು 35,000 ಟನ್ ಮೀರುತ್ತಿಲ್ಲ ತಾನೇ? ಜಪಾನ್ ಹೇಳುವುದಿಲ್ಲ ಅಂದಿತು. ಆ ವರ್ಷ ಜೂನ್‌ನಲ್ಲಿ ಮಿತಿಯನ್ನು 45,000 ಟನ್ನಿಗೆ ಏರಿಸಿಕೊಂಡರು. ಅಮೆರಿಕದ ಅಯೋವಾ ವರ್ಗದ ಯುದ್ಧನೌಕೆಗಳು ಅದೇ ಮಿತಿಗೆ ಹೊಂದಿಕೊಂಡು ಬಂದವು. ಅದಕ್ಕೆ ಒಂದು ತಿಂಗಳ ಹಿಂದೆ ಅಮೆರಿಕದ ಕಾಂಗ್ರೆಸ್ ತನ್ನ ನೌಕಾಬಲವನ್ನು 20 ಪರ್ಸೆಂಟ್ ಏರಿಸುವ ಕಾನೂನು ಪಾಸು ಮಾಡಿತ್ತು.

ಆ ಕಾನೂನಿಗೆ ಉತ್ತರವಾಗಿ ಜಪಾನ್ 1939ರಲ್ಲಿ ನಾಲ್ಕನೇ ಯೋಜನೆ ತಂದಿತು. ಇನ್ನೆರಡು ಯಮಾಟೊ, ಟೈಹೊ ಅನ್ನುವ ವಿಮಾನವಾಹಕ, ಜೊತೆಗೆ ದಂಡಿಯಾಗಿ ಬೇರೆ ಹಡಗು. ಯಾರ್ಡುಗಳು ತುಂಬಿ ತುಳುಕುತ್ತಿದ್ದವು. ಚೀನಾದ ಯುದ್ಧಕ್ಕೆ ಭೂಸೇನೆ ಉಕ್ಕು ಎಳೆಯುತ್ತಿತ್ತು, ಇಲ್ಲಿ ನೌಕಾಪಡೆ ಎಳೆಯುತ್ತಿತ್ತು. ಆಗ ಬಂತು 1940ರ ಜುಲೈ. ಹಿಟ್ಲರ್ ಫ್ರಾನ್ಸನ್ನು ನುಂಗಿದ ಗಾಬರಿಯಲ್ಲಿ ಅಮೆರಿಕ ಎರಡು ಸಾಗರಗಳ ನೌಕಾಪಡೆ ಕಾನೂನು ತಂದಿತು. ಒಂದೇ ಏಟಿಗೆ 13,25,000 ಟನ್, ಅದರಲ್ಲಿ 18 ವಿಮಾನವಾಹಕ. ಜಪಾನಿನ ಇಡೀ ನೌಕಾಪಡೆ ಅಷ್ಟು ತೂಗುತ್ತಿರಲಿಲ್ಲ.

ಟೋಕಿಯೊದಲ್ಲಿ ಕೂತವರು ಇದನ್ನು ಎಣಿಸಿದರು. 1941ರ ಕೊನೆಗೆ ನಮ್ಮ ಬಲ ಅಮೆರಿಕದ ಸುಮಾರು 70 ಪರ್ಸೆಂಟ್. 1943ಕ್ಕೆ 50ರ ಹತ್ತಿರ. 1944ಕ್ಕೆ 30. ಇಪ್ಪತ್ತು ವರ್ಷದಿಂದ ಜಪ ಮಾಡುತ್ತಿದ್ದ 70 ಕೈಗೆ ಬಂದಿತ್ತು, ಬಂದ ಕೂಡಲೇ ಜಾರತೊಡಗಿತ್ತು. ಅದರ ಮೇಲೆ 1941ರ ಆಗಸ್ಟ್‌ನಲ್ಲಿ ಅಮೆರಿಕ ತೈಲ ನಿಲ್ಲಿಸಿತು. ಜಪಾನಿನ ತೈಲದ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ನೌಕಾಪಡೆ ಗಂಟೆಗೆ 400 ಟನ್ ತೈಲ ಸುಡುತ್ತಿದೆ, ಬೇಗ ತೀರ್ಮಾನ ಮಾಡಿ ಅಂತ ನೌಕಾಪಡೆಯ ಯುದ್ಧಯೋಜನೆ ಕಚೇರಿಯ ಮುಖ್ಯಸ್ಥ ಅಡ್ಮಿರಲ್ ನಾಗಾನೊ ಅಕ್ಟೋಬರ್‌ನ ಸಭೆಯಲ್ಲಿ ಒತ್ತಾಯಿಸಿದರು. ಕಟ್ಟಿದ ಹಡಗು ನಿಂತಲ್ಲೇ ತೈಲ ಕುಡಿಯುತ್ತಿತ್ತು. ಕಾದಷ್ಟೂ ಕೆಡುತ್ತದೆ ಅನ್ನುವ ವಾದ ಗೆದ್ದಿದ್ದು ಹೀಗೆ. ಜುಯಿಕಾಕು ವಿಮಾನವಾಹಕ ಸೇವೆಗೆ ಸೇರಿದ್ದು ಸೆಪ್ಟೆಂಬರ್ 25ಕ್ಕೆ. ಎರಡೂವರೆ ತಿಂಗಳಲ್ಲಿ ಅದು ಅಮೆರಿಕದ ಮೇಲೆ ಯುದ್ಧ ಶುರು ಮಾಡಿದ ಹವಾಯಿಯ ಪರ್ಲ್ ಹಾರ್ಬರ್ ದಾಳಿಯಲ್ಲಿತ್ತು. ಯಮಾಟೊ ಸೇವೆಗೆ ಸೇರಿದ್ದು ಡಿಸೆಂಬರ್ 16ಕ್ಕೆ, ದಾಳಿ ಮುಗಿದು ವಾರ ಕಳೆದ ಮೇಲೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಒಂದು ವಿಷಯ ಮೊದಲು ಸ್ಪಷ್ಟವಾಗಲಿ. ಜಪಾನ್ ವಿಮಾನವಾಹಕಗಳನ್ನು ಕಡೆಗಣಿಸಿರಲಿಲ್ಲ. ಪರ್ಲ್ ಹಾರ್ಬರ್‌ಗೆ ಹೋದದ್ದು ಆರು. ಅವುಗಳಲ್ಲಿ ಅಕಾಗಿ, ಕಾಗಾ ಎರಡೂ ವಾಷಿಂಗ್ಟನ್ ಒಪ್ಪಂದದಿಂದಾಗಿ ಕಟ್ಟುವುದು ನಿಲ್ಲಿಸಿ ಬದಲಾಯಿಸಿದ ಹಡಗುಗಳು, ಅಕಾಗಿ ಮೊದಲು ಬ್ಯಾಟಲ್ ಕ್ರೂಸರ್, ಕಾಗಾ ಯುದ್ಧನೌಕೆ ಆಗಬೇಕಿತ್ತು. ಒಪ್ಪಂದವನ್ನು ಬೈಯುತ್ತಿದ್ದವರಿಗೆ ಅದೇ ಒಪ್ಪಂದ ಕೊಟ್ಟ ಆಯುಧ ಇದು. ಆ ಡಿಸೆಂಬರ್‌ನಲ್ಲಿ ಪೆಸಿಫಿಕ್‌ನಲ್ಲಿ ಅಮೆರಿಕದ ಬಳಿ ಇದ್ದದ್ದು ಮೂರೇ ವಿಮಾನವಾಹಕ.

ಯಮಾಟೊ, ಮುಸಾಶಿಯ ಉಕ್ಕಿನಲ್ಲಿ ಇನ್ನು ಕೆಲವು ವಿಮಾನವಾಹಕ ಕಟ್ಟಬಹುದಿತ್ತು, ನಿಜ. ಆದರೆ ಅಮೆರಿಕ ಎಸೆಕ್ಸ್ ವರ್ಗದ್ದೇ 24 ಕಟ್ಟಿತು. ಮತ್ತೆ, ಹಡಗಿನ ಮೇಲೆ ವಿಮಾನ ಬೇಕು, ಹಾರಿಸಲು ಪಳಗಿದ ಪೈಲಟ್ ಬೇಕು, ಪೈಲಟ್‌ಗೆ ತರಬೇತಿ ಕೊಡಲು ತೈಲ ಬೇಕು. 1944ರ ಅಕ್ಟೋಬರ್‌ನಲ್ಲಿ ಫಿಲಿಪ್ಪೀನ್ಸ್‌ನ ಲೇಟೆ ಕದನಕ್ಕೆ ಜಪಾನ್ ನಾಲ್ಕು ವಿಮಾನವಾಹಕ ಕಳಿಸಿತು. ನಾಲ್ಕರಲ್ಲೂ ಸೇರಿ ನೂರರ ಆಸುಪಾಸು ವಿಮಾನ ಇದ್ದವು. ಅಮೆರಿಕದ ಪಡೆಯನ್ನು ಬೇರೆ ಕಡೆ ಎಳೆಯುವ ಗಾಳದ ಹುಳ ಅಷ್ಟೆ ಅವು. ಜುಯಿಕಾಕು, ಜುಯಿಹೊ, ಚಿಟೋಸೆ, ಚಿಯೊಡಾ. ಹತ್ತು ವರ್ಷದ ಹಿಂದೆ ಅಷ್ಟು ಜಾಣತನದಿಂದ ಮರೆಮಾಚಿ ಕಟ್ಟಿದ್ದವುಗಳಲ್ಲಿ ಮೂರು ಅಲ್ಲೇ ಇವೆ ನೋಡಿ. ಅಕ್ಟೋಬರ್ 25ರಂದು ನಾಲ್ಕೂ ಮುಳುಗಿದವು. ಮುಸಾಶಿ ಹಿಂದಿನ ದಿನ ವಿಮಾನಗಳ ದಾಳಿಗೆ ಮುಳುಗಿತ್ತು. ಯಮಾಟೊ ಸರದಿ ಬಂದದ್ದು 1945ರ ಏಪ್ರಿಲ್ 7ಕ್ಕೆ.

ಈ ಎಲ್ಲದರ ನಡುವೆ ಒಬ್ಬರು ನೇರವಾಗಿ ಹೇಳಿದ್ದರು. ನೌಕಾ ವಿಮಾನಯಾನ ವಿಭಾಗದ ಮುಖ್ಯಸ್ಥ ಇನೌಯೆ ಶಿಗೆಯೋಶಿ. 1941ರ ಜನವರಿಯಲ್ಲಿ ಐದನೇ ಯೋಜನೆ ನೋಡಿ, ಇದು ಮೀಜಿ ಕಾಲದ (1912ಕ್ಕೇ ಮುಗಿದ ಹಳೆಯ ಕಾಲದ) ಬುದ್ಧಿ ಅಂತ ಬರೆದುಕೊಟ್ಟರು. ಅಮೆರಿಕವನ್ನು ಮಣಿಸುವುದು ಸಾಧ್ಯವಿಲ್ಲ, ಆದರೆ ಅಮೆರಿಕ ನಮ್ಮ ಸಮುದ್ರದಾರಿಗಳನ್ನು ಕಡಿದು ನಮ್ಮನ್ನು ಉಸಿರು ಕಟ್ಟಿಸಬಲ್ಲದು ಅನ್ನುವುದು ಅವರ ವಾದದ ತಿರುಳು. ವಿಮಾನ ಮತ್ತು ಸರಕು ಸಾಗಣೆಯ ರಕ್ಷಣೆ, ಇವೆರಡಕ್ಕೆ ಉಕ್ಕು ಕೊಡಿ ಅಂದರು. ಕೆಲವು ತಿಂಗಳಲ್ಲಿ ಅವರನ್ನು ದೂರದ ದ್ವೀಪಗಳ ದಳಕ್ಕೆ ವರ್ಗ ಮಾಡಿದರು.

ನನಗೆ ಕೇಳಿದರೆ ಜಪಾನಿನ ಕಟ್ಟೋಣದಲ್ಲಿ ದೊಡ್ಡ ತೂತು ಇದ್ದದ್ದು ಇಲ್ಲಿ. ದ್ವೀಪ ದೇಶ, ತೈಲ, ಅದಿರು ಎಲ್ಲಾ ಹಡಗಿನಲ್ಲೇ ಬರಬೇಕು. ಯುದ್ಧ ಶುರುವಾದಾಗ ಸುಮಾರು 60 ಲಕ್ಷ ಟನ್ ವಾಣಿಜ್ಯ ಹಡಗು ಇತ್ತು. ಅದನ್ನು ಕಾಯಲೆಂದೇ ಹೊಸದಾಗಿ ಕಟ್ಟಿದ ಬೆಂಗಾವಲು ಹಡಗುಗಳು ಎಷ್ಟು ಗೊತ್ತೇ? ನಾಲ್ಕು, ಶಿಮುಶು ವರ್ಗದವು. ಅವೂ ಮೂಲತಃ ಉತ್ತರದಲ್ಲಿ ಜಪಾನಿ ಮೀನುಗಾರರನ್ನು ಕಾಯಲು ಅಂತ ಯೋಚಿಸಿದ್ದು. ಯುದ್ಧದ ಮೊದಲ ವರ್ಷ 8ರಿಂದ 10 ಲಕ್ಷ ಟನ್ ನಷ್ಟ ಆಗಬಹುದು, ಆಮೇಲೆ ಕಡಿಮೆ ಆಗುತ್ತದೆ ಅಂತ ಅಂದಾಜು ಮಾಡಿದ್ದರು. 1944ರ ಒಂದೇ ವರ್ಷ 35 ಲಕ್ಷ ಟನ್‌ಗಿಂತ ಜಾಸ್ತಿ ಮುಳುಗಿತು. ಅದರಲ್ಲಿ ಹೆಚ್ಚಿನ ಪಾಲು ಅಮೆರಿಕದ ಜಲಾಂತರ್ಗಾಮಿಗಳದ್ದು. ಬೆಂಗಾವಲಿಗೆ ಅಂತ ಒಂದು ಪ್ರತ್ಯೇಕ ಕಮಾಂಡ್ ತೆರೆದದ್ದೇ 1943ರ ನವೆಂಬರ್‌ನಲ್ಲಿ.

ಹಾಗಾಗಿ ಯಮಾಟೊ ಉಕ್ಕನ್ನು ಬೇರೆಯದಕ್ಕೆ ಬಳಸುವ ಆಟ ಆಡುವುದಾದರೆ, ನಾನು ವಿಮಾನವಾಹಕ ಕಟ್ಟಿಸುತ್ತಿರಲಿಲ್ಲ. ಶಿಮುಶು ತರಹದ ಚಿಕ್ಕ ಹಡಗುಗಳನ್ನು ಡಜನ್‌ಗಟ್ಟಲೆ ಕಟ್ಟಿಸುತ್ತಿದ್ದೆ. ಅವುಗಳಿಂದಲೂ ಗೆಲುವು ಬರುತ್ತಿರಲಿಲ್ಲ. ತೈಲದ ಹಡಗುಗಳು ಇನ್ನೊಂದಷ್ಟು ತಿಂಗಳು ಊರು ಮುಟ್ಟುತ್ತಿದ್ದವು.